ನಮ್ಮನ್ನು ನಾವೇ ಬೈದುಕೊಳ್ಳುವ ಮುಂಚೆ

ಓದಿದ್ದು ತಲೆಗೆ ಹತ್ತದಿದ್ದರೆ ನಮ್ಮನ್ನು ನಾವು ದಡ್ಡರು ಅಂದುಕೊಳ್ಳುತ್ತೇವೆ. ಬೆಳಗ್ಗೆ ಏಳಲು ಆಗದಿದ್ದರೆ ಸೋಮಾರಿಗಳು. ಸಣ್ಣ ಮಾತಿಗೆ ರೇಗಿದರೆ ಮುಂಗೋಪಿಗಳು. ಕೆಲಸ ಬಿಟ್ಟು ಗಂಟೆಗಟ್ಟಲೆ ಫೋನ್ ನೋಡುತ್ತ ಕೂತರೆ ಮನಸ್ಸು ಗಟ್ಟಿ ಇಲ್ಲದವರು. ಈ ಹೆಸರುಗಳನ್ನು ಬೇರೆಯವರು ಇಡುವುದಕ್ಕಿಂತ ಜಾಸ್ತಿ ನಾವೇ ಇಟ್ಟುಕೊಳ್ಳುತ್ತೇವೆ. ಒಮ್ಮೆ ಹೆಸರಿಟ್ಟ ಮೇಲೆ ಮುಂದೆ ಯೋಚಿಸಲು ಏನೂ ಉಳಿಯುವುದಿಲ್ಲ. ಸ್ವಭಾವವೇ ಹಾಗೆ ಅಂದರೆ ಮಾತು ಮುಗಿಯಿತು, ಅಲ್ವಾ?

ಮೆದುಳಿನ ಸಂಶೋಧನೆಗಳ ಬಗ್ಗೆ ಓದುವುದು ನನಗೆ ತುಂಬ ಇಷ್ಟ. ಓದುತ್ತ ಹೋದಂತೆ ನನ್ನಲ್ಲಿ ಒಂದು ನಂಬಿಕೆ ಬಲವಾಗುತ್ತ ಬಂದಿದೆ. ನಾವು ಗುಣದ ಲೆಕ್ಕಕ್ಕೆ ಬರೆದುಕೊಳ್ಳುವ ಎಷ್ಟೋ ಸಂಗತಿಗಳು ನಿಜಕ್ಕೂ ಒಂದು ಅಂಗದ ಆ ಹೊತ್ತಿನ ಸ್ಥಿತಿ. ಆ ಸ್ಥಿತಿಗೆ ಕಾರಣಗಳಿರುತ್ತವೆ. ಕೆಲವು ಕಾರಣಗಳನ್ನು ನಾವು ಬದಲಾಯಿಸಬಹುದು. ಬೈದುಕೊಳ್ಳುವುದರಿಂದ ಮಾತ್ರ ಅವು ಬದಲಾಗುವುದಿಲ್ಲ.

ಮೆದುಳು ಒಂದು ಅಂಗ ಅನ್ನುವುದೇ ನಮಗೆ ಮರೆತುಹೋಗುತ್ತದೆ. ದೊಡ್ಡವರಲ್ಲಿ ಅದರ ತೂಕ ಸುಮಾರು 1.4 ಕಿಲೋ. ದೇಹದ ತೂಕದಲ್ಲಿ ಶೇ 2ರಷ್ಟು ಅಷ್ಟೇ. ಆದರೆ ನಾವು ಸುಮ್ನೆ ಕೂತಿದ್ದಾಗಲೂ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಶೇ 20ರಷ್ಟು ಅದಕ್ಕೇ ಹೋಗುತ್ತದೆ. ಅದಕ್ಕೆ ರಕ್ತ ಬೇಕು, ಆಮ್ಲಜನಕ ಬೇಕು, ಗ್ಲೂಕೋಸ್ ಬೇಕು, ನಿದ್ದೆ ಬೇಕು. ಕಾಲು ಉಳುಕಿದವರಿಗೆ ಓಡು ಅಂತ ಯಾರೂ ಹೇಳುವುದಿಲ್ಲ. ದಣಿದ ಮೆದುಳಿಗೆ ಮಾತ್ರ ಗಮನ ಕೊಡು, ತಾಳ್ಮೆ ತಂದುಕೋ ಅಂತ ಹೇಳುತ್ತಲೇ ಇರುತ್ತೇವೆ.

ದೊಡ್ಡವರಾದ ಮೇಲೆ ಮೆದುಳು ಬದಲಾಗುವುದಿಲ್ಲ ಅನ್ನುವ ಹಳೆಯ ನಂಬಿಕೆಯೂ ಇದರ ಜೊತೆ ಸೇರಿಕೊಂಡಿತ್ತು. 1906ರಲ್ಲಿ ನೊಬೆಲ್ ಪಡೆದ ಸ್ಪೇನಿನ ಸ್ಯಾಂಟಿಯಾಗೊ ರಮೋನ್ ಇ ಕಹಾಲ್ ಅವರಂಥವರೇ ಬೆಳೆದವರ ನರಗಳ ದಾರಿಗಳು ಗಟ್ಟಿಯಾಗಿ ನಿಂತುಬಿಡುತ್ತವೆ ಅಂತ ಬರೆದಿದ್ದರು. ಆ ಮಾತು ದಶಕಗಳ ಕಾಲ ನಿಂತಿತು. ಅದನ್ನು ಅಲುಗಾಡಿಸಿದ ಕೆಲಸಗಳಲ್ಲಿ ನನಗೆ ಅಚ್ಚುಮೆಚ್ಚಿನದು ಲಂಡನ್ನಿನ ಟ್ಯಾಕ್ಸಿ ಚಾಲಕರದು. ಅಲ್ಲಿ ಲೈಸೆನ್ಸ್ ಬೇಕಾದರೆ ಸುಮಾರು 25,000 ಬೀದಿಗಳನ್ನು ಬಾಯಿಪಾಠದಂತೆ ಕಲಿಯಬೇಕು. ಎಲಿನರ್ ಮಗ್ವೈರ್ ಮತ್ತು ಜೊತೆಗಾರರು 2000ದಲ್ಲಿ ಈ ಚಾಲಕರ ಮೆದುಳನ್ನು ಸ್ಕ್ಯಾನ್ ಮಾಡಿ ನೋಡಿದರು. ದಾರಿ ಮತ್ತು ನೆನಪಿಗೆ ಬೇಕಾದ ಹಿಪೊಕ್ಯಾಂಪಸ್‌ನ ಹಿಂಭಾಗ ಅವರಲ್ಲಿ ಬೇರೆಯವರಿಗಿಂತ ದೊಡ್ಡದಿತ್ತು. ಹುಟ್ಟಿನಿಂದಲೇ ಅದು ದೊಡ್ಡದಿದ್ದವರು ಚಾಲಕರಾದರೋ, ಕಲಿತದ್ದರಿಂದ ದೊಡ್ಡದಾಯಿತೋ? ಆ ಪ್ರಶ್ನೆಗೆ 2011ರಲ್ಲಿ ಉತ್ತರ ಸಿಕ್ಕಿತು. ತರಬೇತಿಗೆ ಸೇರಿದ 79 ಜನರನ್ನು ಮೊದಲಿನಿಂದಲೇ ಹಿಂಬಾಲಿಸಿದರು. ಅವರಲ್ಲಿ 39 ಜನ ಪಾಸಾದರು. ಹಿಪೊಕ್ಯಾಂಪಸ್ ಬೆಳೆದದ್ದು ಪಾಸಾದವರಲ್ಲಿ ಮಾತ್ರ.

ಇದರಲ್ಲಿ ಜನ ಹೇಳದೆ ಬಿಡುವ ಒಂದು ಮಾತಿದೆ. ಅನುಭವಿ ಚಾಲಕರಲ್ಲಿ ಅದೇ ಹಿಪೊಕ್ಯಾಂಪಸ್‌ನ ಮುಂಭಾಗ ಸ್ವಲ್ಪ ಚಿಕ್ಕದಿತ್ತು. ಮೆದುಳು ಬದಲಾಗುತ್ತದೆ, ನಿಜ. ಆದರೆ ಬಿಟ್ಟಿಯಾಗಿ ಬದಲಾಗುವಂತೆ ಕಾಣುವುದಿಲ್ಲ. ನಾವು ದಿನವೂ ಯಾವುದಕ್ಕೆ ಹೊತ್ತು ಕೊಡುತ್ತೇವೆಯೋ ಆ ಕಡೆಗೆ ಅದು ವಾಲುತ್ತದೆ. ಬೇಡದ ಅಭ್ಯಾಸಗಳಿಗೂ ಇದು ಅನ್ವಯಿಸುತ್ತದೆ ಅನ್ನುವುದೇ ನನ್ನನ್ನು ಹೆಚ್ಚು ಎಚ್ಚರಿಸುವ ಸಂಗತಿ.

ಇನ್ನು ನಿದ್ದೆ. ಇದರ ಬಗ್ಗೆ ನಾನು ಸ್ವಲ್ಪ ಹೆಚ್ಚೇ ಬರೆಯುತ್ತೇನೆ. ಯಾಕೆಂದರೆ ಗುಣದೋಷ ಅಂತ ನಾವು ಅಂದುಕೊಂಡಿದ್ದರಲ್ಲಿ ಬಹುಪಾಲು ಇಲ್ಲಿಯೇ ಅಡಗಿದೆ ಅಂತ ನನ್ನ ಅನಿಸಿಕೆ.

ನಿದ್ದೆಯನ್ನು ಎರಡು ವ್ಯವಸ್ಥೆಗಳು ನಡೆಸುತ್ತವೆ. 1982ರಲ್ಲಿ ಅಲೆಕ್ಸಾಂಡರ್ ಬೋರ್ಬೆಲಿ ಕೊಟ್ಟ ಈ ವಿವರಣೆ ಇವತ್ತಿಗೂ ನಿದ್ದೆಯ ವಿಜ್ಞಾನದ ಬೆನ್ನೆಲುಬು. ಮೊದಲನೆಯದು ಎಚ್ಚರವಾಗಿದ್ದಷ್ಟು ಹೊತ್ತೂ ಏರುತ್ತ ಹೋಗುವ ನಿದ್ದೆಯ ಒತ್ತಡ. ಎರಡನೆಯದು ದೇಹದ ಗಡಿಯಾರ. ಒತ್ತಡದ ಹಿಂದೆ ಇರುವ ಮುಖ್ಯ ವಸ್ತುಗಳಲ್ಲಿ ಒಂದು ಅಡೆನೊಸಿನ್. ನರಕೋಶಗಳು ಕೆಲಸ ಮಾಡಿದಂತೆ ಅದು ಮೆದುಳಿನಲ್ಲಿ ಸೇರುತ್ತ ಹೋಗುತ್ತದೆ, ನಿದ್ದೆಯಲ್ಲಿ ಇಳಿಯುತ್ತದೆ. ಕಾಫಿ, ಟೀಗಳಲ್ಲಿರುವ ಕೆಫೀನ್ ಅಡೆನೊಸಿನ್ ಕೂರಬೇಕಾದ ಜಾಗದಲ್ಲಿ ತಾನು ಕೂತುಬಿಡುತ್ತದೆ. ಹಾಗಾಗಿ ನಿದ್ದೆಯ ಸುದ್ದಿ ನರಕೋಶಕ್ಕೆ ಮುಟ್ಟುವುದಿಲ್ಲ. ಆದರೆ ಅಡೆನೊಸಿನ್ ಎಲ್ಲೂ ಹೋಗಿರುವುದಿಲ್ಲ, ಅದು ಸೇರುತ್ತಲೇ ಇರುತ್ತದೆ. ಕೆಫೀನ್ ಖಾಲಿಯಾದಾಗ ಒಮ್ಮೆಲೇ ಸುಸ್ತು ಬಂದಂತೆ ಅನಿಸುವುದು ಇದರಿಂದಲೇ. ಕುಡಿದ ಕೆಫೀನ್‌ನಲ್ಲಿ ಅರ್ಧ ಕಡಿಮೆಯಾಗಲು ಸರಾಸರಿ 5 ಗಂಟೆ ಹಿಡಿಯುತ್ತದೆ. ಕೆಲವರಿಗೆ ಇನ್ನೂ ಬಹಳ ಹೊತ್ತು. ಸಂಜೆ 5ಕ್ಕೆ ಕುಡಿದದ್ದರಲ್ಲಿ ಅರ್ಧ ರಾತ್ರಿ 10ಕ್ಕೂ ದೇಹದಲ್ಲೇ ಇರುತ್ತದೆ ಅಂದಮೇಲೆ, ನಿದ್ದೆ ಬರಲಿಲ್ಲ ಅಂತ ಮನಸ್ಸಿನ ಮೇಲೆ ತಪ್ಪು ಹೊರಿಸುವ ಮುಂಚೆ ಸಂಜೆಯ ಲೋಟವನ್ನು ನೆನಪಿಸಿಕೊಳ್ಳಬೇಕು.

ಗಡಿಯಾರದ ಕಥೆ ನನಗೆ ಇನ್ನೂ ಚೆಂದ ಅನಿಸುತ್ತದೆ. ಮೆದುಳಿನ ಬುಡದಲ್ಲಿ, ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಮೇಲೆ, ಸುಮಾರು 20,000 ನರಕೋಶಗಳ ಪುಟ್ಟ ಗುಂಪೊಂದಿದೆ. ಇಡೀ ದೇಹದ ಹಗಲು ರಾತ್ರಿಯನ್ನು ಅದೇ ಹೊಂದಿಸುತ್ತದೆ. ಹೊರಗೆ ಬೆಳಕಿದೆಯೋ ಇಲ್ಲವೋ ಅಂತ ಅದಕ್ಕೆ ತಿಳಿಸುವುದು ಕಣ್ಣು. ಆದರೆ ನೋಟಕ್ಕೆ ನೆರವಾಗುವ ಮಾಮೂಲಿ ಕೋಶಗಳಷ್ಟೇ ಅಲ್ಲಿರುವುದು ಅಂತ ಬಹಳ ಕಾಲ ಅಂದುಕೊಂಡಿದ್ದರು. 2002ರಲ್ಲಿ ಡೇವಿಡ್ ಬರ್ಸನ್ ಮತ್ತು ಜೊತೆಗಾರರು ಬೇರೊಂದು ಬಗೆಯ ಕೋಶಗಳು ತಾವೇ ಬೆಳಕನ್ನು ಗ್ರಹಿಸುತ್ತವೆ ಅಂತ ತೋರಿಸಿದರು. ಅವುಗಳಲ್ಲಿ ಮೆಲನಾಪ್ಸಿನ್ ಅನ್ನುವ ವಸ್ತುವಿದೆ. ನೀಲಿ ಬೆಳಕು ಅವಕ್ಕೆ ಚೆನ್ನಾಗಿ ತಾಗುತ್ತದೆ. ಅವು ಗಡಿಯಾರಕ್ಕೆ ನೇರವಾಗಿ ಸುದ್ದಿ ಕಳಿಸುತ್ತವೆ. ನೋಟ ಪೂರ್ತಿ ಹೋದವರಲ್ಲೂ ಕೆಲವರಿಗೆ ಈ ಕೋಶಗಳು ಉಳಿದಿರುತ್ತವೆ. ಅಂಥವರ ದೇಹಕ್ಕೆ ಹಗಲು ರಾತ್ರಿ ತಿಳಿಯುತ್ತಲೇ ಇರುತ್ತದೆ. ಬೆಳಗಿನ ಹೊರಗಿನ ಬೆಳಕು ಗಡಿಯಾರವನ್ನು ಹಿಂದಕ್ಕೆ ಎಳೆಯುತ್ತದೆ, ಅಂದರೆ ಆ ರಾತ್ರಿ ನಿದ್ದೆ ಬೇಗ ಬರುವ ಹಾಗೆ ಮಾಡುತ್ತದೆ. ರಾತ್ರಿಯ ಪ್ರಖರ ಬೆಳಕು ಅದನ್ನು ಮುಂದಕ್ಕೆ ತಳ್ಳುತ್ತದೆ. ಮೋಡ ಕವಿದ ದಿನವೂ ಹೊರಗಿನ ಬೆಳಕು ಮನೆಯೊಳಗಿನ ದೀಪಕ್ಕಿಂತ ಎಷ್ಟೋ ಪಟ್ಟು ಪ್ರಬಲ. ಬೆಳಗ್ಗೆ ಎದ್ದ ಕೂಡಲೇ ಸ್ವಲ್ಪ ಹೊತ್ತು ಹೊರಗೆ ನಿಲ್ಲುವುದು ನನಗೆ ಈಗ ಅಭ್ಯಾಸವಾಗಿಬಿಟ್ಟಿದೆ. ದುಡ್ಡು ಖರ್ಚಿಲ್ಲದ ಇಂಥ ಉಪಾಯ ಆರೋಗ್ಯದ ವಿಷಯದಲ್ಲಿ ಅಪರೂಪ.

ನಿದ್ದೆ ಕಡಿಮೆಯಾದರೆ ಏನಾಗುತ್ತದೆ ಅನ್ನುವುದಕ್ಕೆ ಒಂದೇ ಒಂದು ಅಧ್ಯಯನ ಆರಿಸು ಅಂದರೆ 2003ರಲ್ಲಿ ಹಾನ್ಸ್ ವಾನ್ ಡಾಂಗೆನ್ ಮತ್ತು ಡೇವಿಡ್ ಡಿಂಜಸ್ ಅವರ ತಂಡ ಪ್ರಕಟಿಸಿದ್ದನ್ನು ಆರಿಸುತ್ತೇನೆ. ಆರೋಗ್ಯವಂತರನ್ನು ಗುಂಪು ಮಾಡಿ, 14 ದಿನ ಕೆಲವರಿಗೆ ರಾತ್ರಿ 8 ಗಂಟೆ, ಕೆಲವರಿಗೆ 6, ಕೆಲವರಿಗೆ 4 ಗಂಟೆ ಮಾತ್ರ ಮಲಗಲು ಬಿಟ್ಟರು. ದಿನವೂ ಗಮನ ಮತ್ತು ನೆನಪಿನ ಪರೀಕ್ಷೆ ಮಾಡಿದರು. 6 ಗಂಟೆ ಅಥವಾ ಅದಕ್ಕಿಂತ ಕಡಿಮೆ ಮಲಗಿದವರ ಸಾಮರ್ಥ್ಯ ದಿನದಿಂದ ದಿನಕ್ಕೆ ಇಳಿಯುತ್ತ ಹೋಯಿತು. ಕೊನೆಗೆ ಅದು ಒಂದೆರಡು ರಾತ್ರಿ ಪೂರ್ತಿ ನಿದ್ದೆಗೆಟ್ಟವರ ಮಟ್ಟಕ್ಕೆ ಬಂತು. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಎಷ್ಟು ನಿದ್ದೆ ಬರುತ್ತಿದೆ ಅಂತ ಕೇಳಿದರೆ, ಮೊದಲ ಕೆಲವು ದಿನ ಬಿಟ್ಟರೆ ಆಮೇಲೆ ಅವರು ಹೇಳುವ ಅಂಕ ಹೆಚ್ಚು ಏರಲೇ ಇಲ್ಲ. ತಾವು ಹೊಂದಿಕೊಂಡಿದ್ದೇವೆ ಅನ್ನುವ ಭಾವನೆ ಅವರದು. ಪರೀಕ್ಷೆಯ ಫಲಿತಾಂಶ ಮಾತ್ರ ಕುಸಿಯುತ್ತಲೇ ಇತ್ತು. ‘ನನಗೆ 6 ಗಂಟೆ ನಿದ್ದೆ ಸಾಕು’ ಅನ್ನುವ ಮಾತನ್ನು ಯಾರಿಂದ ಕೇಳಿದರೂ ನನಗೆ ಈ ಅಧ್ಯಯನವೇ ನೆನಪಾಗುತ್ತದೆ. ಸಾಕೋ ಬೇಕೋ ಅಂತ ತೀರ್ಪು ಕೊಡಬೇಕಾದ ಅಂಗವೇ ನಿದ್ದೆಗೆಟ್ಟಿರುತ್ತದೆ.

ಸಿಟ್ಟಿಗೂ ಇದರ ನಂಟಿದೆ. 2007ರಲ್ಲಿ ಮ್ಯಾಥ್ಯೂ ವಾಕರ್ ತಂಡದವರು ಒಂದು ರಾತ್ರಿ ನಿದ್ದೆಗೆಟ್ಟವರಿಗೆ ಮನಸ್ಸು ಕಲಕುವ ಚಿತ್ರಗಳನ್ನು ತೋರಿಸಿದರು. ಭಯ, ಅಪಾಯಗಳಿಗೆ ತಕ್ಷಣ ಸ್ಪಂದಿಸುವ ಅಮಿಗ್ಡಲ ಅನ್ನುವ ಭಾಗ, ಚೆನ್ನಾಗಿ ಮಲಗಿದವರಿಗಿಂತ ಸುಮಾರು ಶೇ 60ರಷ್ಟು ಹೆಚ್ಚು ಕೆರಳಿತು. ಅದನ್ನು ಹಿಡಿತದಲ್ಲಿಡುವ ಹಣೆಯ ಹಿಂದಿನ ಭಾಗದ ಜೊತೆ ಅದರ ಸಂಪರ್ಕವೂ ಸಡಿಲವಾಗಿತ್ತು. ಭಾಗವಹಿಸಿದವರು ಕಡಿಮೆ, ಹಾಗಾಗಿ ಆ ಶೇಕಡಾ ಲೆಕ್ಕವನ್ನು ಕಲ್ಲಿನ ಮೇಲೆ ಕೆತ್ತುವುದು ಬೇಡ. ಆದರೆ ಸಂಗತಿ ಯಾವ ದಿಕ್ಕಿನದು ಅನ್ನುವುದು ನಮಗೆಲ್ಲ ಅನುಭವದಿಂದಲೇ ಗೊತ್ತು. ಗಂಡ ಹೆಂಡತಿ ನಡುವಿನ ಜಗಳವಾಗಲಿ, ಮಕ್ಕಳ ಮೇಲಿನ ಕೂಗಾಟವಾಗಲಿ, ಎಷ್ಟು ಸಲ ಅದರ ಬೇರು ಹಿಂದಿನ ರಾತ್ರಿಯಲ್ಲಿ ಇರುವುದಿಲ್ಲ?

ನಿದ್ದೆಯಲ್ಲಿ ಮೆದುಳಿನ ಕಸ ತೊಳೆದುಹೋಗುತ್ತದೆ ಅನ್ನುವ ಮಾತನ್ನೂ ನೀವು ಕೇಳಿರಬಹುದು. 2013ರಲ್ಲಿ ಮೈಕೆನ್ ನೆಡರ್‌ಗಾರ್ಡ್ ತಂಡ ಇಲಿಗಳಲ್ಲಿ ಹಾಗೆ ತೋರಿಸಿತ್ತು. 2024ರಲ್ಲಿ ಲಂಡನ್ನಿನ ಇನ್ನೊಂದು ತಂಡ, ಅದೂ ಇಲಿಗಳಲ್ಲಿಯೇ, ಇದಕ್ಕೆ ವಿರುದ್ಧವಾದ ಫಲಿತಾಂಶ ಕೊಟ್ಟಿದೆ. ವಾದ ನಡೆಯುತ್ತಿದೆ. ನಿದ್ದೆ ಮುಖ್ಯ ಅನ್ನುವುದು ಈ ವಾದದ ಮೇಲೆ ನಿಂತಿಲ್ಲ. ಆದ್ದರಿಂದ ಅದನ್ನು ಅಲ್ಲಿಗೇ ಬಿಡುತ್ತೇನೆ.

ಈಗ ಫೋನಿನ ವಿಷಯಕ್ಕೆ ಬರೋಣ. ಅಂದರೆ ಆಸೆಯ ವಿಷಯಕ್ಕೆ.

ಡೋಪಮೈನ್ ಅಂದರೆ ಸುಖದ ರಾಸಾಯನಿಕ ಅಂತ ಎಲ್ಲೆಡೆ ಹೇಳುತ್ತಾರೆ. 1954ರಲ್ಲಿ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಇಲಿಗಳ ಮೆದುಳಿಗೆ ತಂತಿ ಸೇರಿಸಿ, ಅವು ಒಂದು ಸನ್ನೆಕೋಲನ್ನು ಒತ್ತಿದರೆ ಸಣ್ಣ ವಿದ್ಯುತ್ ಹರಿಯುವಂತೆ ಮಾಡಿದ್ದರು. ಇಲಿಗಳು ಒತ್ತುತ್ತಲೇ ಹೋದವು. ಸುಖದ ಕೇಂದ್ರ ಸಿಕ್ಕಿತು ಅಂತ ಆಗ ಎಲ್ಲರೂ ಅಂದುಕೊಂಡರು. ಮುಂದೆ ವುಲ್ಫ್‌ರಾಮ್ ಶುಲ್ಟ್ಸ್ ಕೋತಿಗಳ ಡೋಪಮೈನ್ ಕೋಶಗಳನ್ನು ಒಂದೊಂದಾಗಿ ಗಮನಿಸಿದಾಗ ಕಥೆ ಬೇರೆಯಾಯಿತು. ಎದುರುನೋಡದೆ ಹಣ್ಣಿನ ರಸದ ಹನಿ ಸಿಕ್ಕರೆ ಆ ಕೋಶಗಳು ಜೋರಾಗಿ ಮಿಡಿಯುತ್ತಿದ್ದವು. ರಸ ಬರುವ ಮುಂಚೆ ಪ್ರತಿಸಲ ಒಂದು ದೀಪ ಹತ್ತಿಸಿದರೆ, ಕೆಲವು ಸಲದ ನಂತರ ಮಿಡಿತ ದೀಪಕ್ಕೆ ಬರುತ್ತಿತ್ತು. ರಸಕ್ಕೆ ಬರುತ್ತಿರಲಿಲ್ಲ. ದೀಪ ಹತ್ತಿ ರಸ ಬಾರದಿದ್ದರೆ, ರಸ ಬರಬೇಕಿದ್ದ ಅದೇ ಕ್ಷಣದಲ್ಲಿ ಮಿಡಿತ ಕುಸಿಯುತ್ತಿತ್ತು. ಅಂದರೆ ಡೋಪಮೈನ್ ಲೆಕ್ಕ ಇಡುವುದು ನಿರೀಕ್ಷೆಗೂ ಸಿಕ್ಕಿದ್ದಕ್ಕೂ ಇರುವ ವ್ಯತ್ಯಾಸವನ್ನು.

ಕೆಂಟ್ ಬೆರಿಜ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಡೋಪಮೈನ್ ಪೂರಾ ಇಲ್ಲದಂತಾದ ಇಲಿಗಳು ಆಹಾರದ ಕಡೆಗೆ ಹೋಗುವುದೇ ಇಲ್ಲ. ಎದುರಿಗೆ ಇಟ್ಟರೂ ಹಸಿದು ಸಾಯುತ್ತವೆ. ಆದರೆ ಸಿಹಿಯನ್ನು ನಾಲಿಗೆಗೆ ಹನಿಸಿದರೆ ಮುಖದಲ್ಲಿ ಅದೇ ಹಿಗ್ಗು ಕಾಣುತ್ತದೆ, ತುಟಿ ನೆಕ್ಕಿಕೊಳ್ಳುತ್ತವೆ. ಬೇಕು ಅನಿಸುವುದು ಬೇರೆ, ಖುಷಿಯಾಗುವುದು ಬೇರೆ. ಎರಡನ್ನೂ ಮೆದುಳು ಬೇರೆ ಬೇರೆ ಕಡೆ ನಡೆಸುತ್ತದೆ.

ನನ್ನ ಮಟ್ಟಿಗೆ ದಿನದ ಬದುಕಿಗೆ ಇಷ್ಟು ಉಪಯೋಗಕ್ಕೆ ಬಂದ ಸಂಶೋಧನೆ ಇನ್ನೊಂದಿಲ್ಲ. ಫೋನನ್ನು ಕೈಗೆತ್ತಿಕೊಳ್ಳಬೇಕು ಅನ್ನುವ ತುಡಿತ ಎಷ್ಟು ಜೋರಾಗಿದ್ದರೂ ಅದರಿಂದ ಸಿಗುವ ಖುಷಿ ಅಷ್ಟೇ ಇರುತ್ತದೆ ಅಂತೇನಿಲ್ಲ. ಒಂದು ಗಂಟೆ ನೋಡಿ ಕೆಳಗಿಟ್ಟಾಗ ಏನೂ ಚೆನ್ನಾಗಿರಲಿಲ್ಲ ಅನಿಸಿದರೂ ಐದು ನಿಮಿಷಕ್ಕೆ ಮತ್ತೆ ಕೈ ಹೋಗುವುದು ಯಾಕೆ ಅಂತ ಇದರಿಂದ ಅರ್ಥವಾಗುತ್ತದೆ. ಮೆಸೇಜ್ ಬಂದಿರಬಹುದು, ಬಾರದೆಯೂ ಇರಬಹುದು. ಈ ಅನಿಶ್ಚಿತತೆ ತುಡಿತವನ್ನು ಇನ್ನೂ ಹಿಗ್ಗಿಸುತ್ತದೆ. ಡೋಪಮೈನನ್ನು ‘ಉಪವಾಸ’ ಕೆಡವಬೇಕು ಅನ್ನುವ ಮಾತುಗಳೂ ಈಗ ಕೇಳಿಬರುತ್ತಿವೆ. ಅದು ತಪ್ಪು ತಿಳಿವಳಿಕೆ. ಡೋಪಮೈನ್ ಇಲ್ಲದೆ ನಾವು ಒಂದು ಹೆಜ್ಜೆ ಇಡಲೂ ಕಷ್ಟಪಡುತ್ತೇವೆ. ಅದನ್ನು ಮಾಡುವ ಕೋಶಗಳು ಸಾಯುವುದರಿಂದಲೇ ಪಾರ್ಕಿನ್ಸನ್ ಕಾಯಿಲೆ ಬರುವುದು. ಕಡಿಮೆ ಮಾಡಬೇಕಾದದ್ದು ತುಡಿತ ಎಬ್ಬಿಸುವ ಗುರುತುಗಳನ್ನು. ಟಿಂಗ್ ಅನ್ನುವ ಸದ್ದು, ಕೆಂಪು ಚುಕ್ಕಿ, ಮೇಜಿನ ಮೇಲೆ ಕಣ್ಣಿಗೆ ಕಾಣುವ ಫೋನು. ಬರೆಯುವಾಗ ನಾನು ಫೋನನ್ನು ಬೇರೆ ಕೋಣೆಯಲ್ಲಿ ಇಡುತ್ತೇನೆ. ಅಷ್ಟು ಸಾಕಾಗುತ್ತದೆ.

ಸುತ್ತಲಿನ ಜಾಗಕ್ಕೆ ಎಷ್ಟು ಶಕ್ತಿ ಇದೆ ಅನ್ನುವುದಕ್ಕೆ 2011ರ ಒಂದು ಪ್ರಯೋಗ ಹೇಳಲೇಬೇಕು. ಡೇವಿಡ್ ನೀಲ್, ವೆಂಡಿ ವುಡ್ ಮತ್ತು ಜೊತೆಗಾರರು ಸಿನಿಮಾ ನೋಡಲು ಬಂದವರಿಗೆ ಪಾಪ್‌ಕಾರ್ನ್ ಕೊಟ್ಟರು. ಕೆಲವರಿಗೆ ಹೊಸದು, ಕೆಲವರಿಗೆ ಒಂದು ವಾರದ ಹಳೆಯದು. ಸಿನಿಮಾ ನೋಡುವಾಗ ಪಾಪ್‌ಕಾರ್ನ್ ತಿನ್ನುವ ಅಭ್ಯಾಸ ಗಟ್ಟಿಯಾಗಿದ್ದವರು ಹಳಸಿದ್ದನ್ನೂ ಹೊಸದರಷ್ಟೇ ತಿಂದರು. ಚೆನ್ನಾಗಿಲ್ಲ ಅಂತ ಹೇಳುತ್ತಲೇ ತಿಂದರು. ಅದೇ ಪಾಪ್‌ಕಾರ್ನನ್ನು ಮೀಟಿಂಗ್ ನಡೆಯುವ ಕೋಣೆಯಲ್ಲಿ ಕೊಟ್ಟಾಗ ಹಾಗಾಗಲಿಲ್ಲ. ರೂಢಿಯಿಲ್ಲದ ಕೈಯಲ್ಲಿ ತಿನ್ನಿ ಅಂದಾಗಲೂ ಅಭ್ಯಾಸದ ಸರಪಳಿ ತುಂಡಾಯಿತು. ರುಚಿ, ಹಸಿವು, ಇಷ್ಟ ಎಲ್ಲವನ್ನೂ ಬದಿಗೆ ಸರಿಸಿ ಆ ಕತ್ತಲ ಹಾಲ್ ಅವರ ಕೈಯನ್ನು ನಡೆಸಿತ್ತು.

ಹೀಗಿರುವಾಗ ಇಚ್ಛಾಶಕ್ತಿಗೆ ಅಷ್ಟು ದೊಡ್ಡ ಪೀಠ ಕೊಡುವುದು ಸರಿಯಲ್ಲ ಅಂತ ನನಗನಿಸುತ್ತದೆ. ಇಚ್ಛಾಶಕ್ತಿ ಬಳಸಿದಷ್ಟೂ ಖಾಲಿಯಾಗುತ್ತದೆ ಅನ್ನುವ ಸಿದ್ಧಾಂತ 1998ರಿಂದ ಬಹಳ ಪ್ರಸಿದ್ಧವಾಗಿತ್ತು. 2016ರಲ್ಲಿ 23 ಪ್ರಯೋಗಾಲಯಗಳು ಎರಡು ಸಾವಿರಕ್ಕೂ ಹೆಚ್ಚು ಜನರ ಮೇಲೆ ಅದನ್ನು ಮತ್ತೆ ಪರೀಕ್ಷಿಸಿದವು. ಪರಿಣಾಮ ಇಲ್ಲವೇ ಇಲ್ಲ ಅನ್ನುವಷ್ಟು ಸಣ್ಣದಿತ್ತು. ಇತ್ತ, ಸ್ವನಿಯಂತ್ರಣ ಚೆನ್ನಾಗಿದೆ ಅಂತ ನಾವು ಮೆಚ್ಚುವ ಜನರ ದಿನವನ್ನು ಗಮನಿಸಿದ ಅಧ್ಯಯನಗಳಲ್ಲಿ ಕಂಡದ್ದು ಬೇರೆಯೇ. ಅವರು ಆಸೆಗಳ ಜೊತೆ ಹೆಚ್ಚು ಗುದ್ದಾಡುತ್ತಿರಲಿಲ್ಲ. ಗುದ್ದಾಡಬೇಕಾದ ಸಂದರ್ಭಗಳೇ ಅವರ ದಿನದಲ್ಲಿ ಕಡಿಮೆ ಇದ್ದವು.

ಹೊಸ ಅಭ್ಯಾಸಕ್ಕೆ 21 ದಿನ ಸಾಕು ಅನ್ನುವ ಮಾತಿಗೂ ಆಧಾರವಿಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲಾಲಿ ಮತ್ತು ಜೊತೆಗಾರರು 96 ಜನರನ್ನು ಹಿಂಬಾಲಿಸಿದಾಗ, ಒಂದು ಕೆಲಸ ಯೋಚಿಸದೆ ಮಾಡುವಷ್ಟು ರೂಢಿಯಾಗಲು ಹಿಡಿದ ಕಾಲದ ಮಧ್ಯಮ ಲೆಕ್ಕ 66 ದಿನ. ಕೆಲವರಿಗೆ 18 ದಿನ, ಕೆಲವರಿಗೆ 254 ದಿನ ಆಗುವ ಅಂದಾಜು ಸಿಕ್ಕಿತು. ನಡುವೆ ಒಂದು ದಿನ ತಪ್ಪಿದರೆ ಹೆಚ್ಚೇನೂ ನಷ್ಟವಾಗಲಿಲ್ಲ. ಇದು ನನಗೆ ತುಂಬ ಸಮಾಧಾನ ಕೊಡುವ ಸಂಗತಿ. 22ನೇ ದಿನ ಕಷ್ಟ ಅನಿಸಿದರೆ ನಮ್ಮಲ್ಲಿ ಕೊರತೆ ಇದೆ ಅಂತ ಅರ್ಥವಲ್ಲ. ಒಂದು ದಿನ ತಪ್ಪಿದರೆ ಎಲ್ಲ ಮುಗಿಯಿತು ಅಂತಲೂ ಅಲ್ಲ.

ಓದು, ನೆನಪುಗಳ ವಿಷಯದಲ್ಲೂ ಇಂಥದ್ದೇ ಒಂದು ಮೋಸವಿದೆ. 2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ ವಿದ್ಯಾರ್ಥಿಗಳಿಗೆ ಒಂದು ಪಾಠ ಕೊಟ್ಟರು. ಕೆಲವರು ಮತ್ತೆ ಮತ್ತೆ ಓದಿದರು. ಕೆಲವರು ಓದಿ, ಪುಸ್ತಕ ಮುಚ್ಚಿ, ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಕೇಳಿದರೆ ಮತ್ತೆ ಮತ್ತೆ ಓದಿದವರೇ ಮುಂದು. ವಾರದ ನಂತರ ಕೇಳಿದರೆ ಪುಸ್ತಕ ಮುಚ್ಚಿ ಬರೆದವರು ಮುಂದೆ ಹೋಗಿದ್ದರು. ಮತ್ತೆ ಓದುವಾಗ ಎಲ್ಲ ಗೊತ್ತಿದೆ ಅನ್ನುವ ಹಿತವಾದ ಭಾವನೆ ಬರುತ್ತದೆ. ನೆನಪಿಸಿಕೊಳ್ಳುವಾಗ ತಿಣುಕಬೇಕಾಗುತ್ತದೆ. ಉಳಿಯುವುದು ತಿಣುಕಿದ್ದು. ರಾತ್ರಿಯೆಲ್ಲ ಕೂತು ಓದಿ ಪರೀಕ್ಷೆಯಲ್ಲಿ ಮರೆತ ಹುಡುಗಿಗೆ ಬುದ್ಧಿ ಕಡಿಮೆ ಅಂತ ಹೇಳುವವರು ಆಕೆ ಹೇಗೆ ಓದಿದಳು, ಎಷ್ಟು ಮಲಗಿದಳು ಅಂತ ಮೊದಲು ಕೇಳಬೇಕು.

ವ್ಯಾಯಾಮದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಎಲ್ಲರೂ ಹೇಳುತ್ತಾರೆ. 2011ರಲ್ಲಿ ಕರ್ಕ್ ಎರಿಕ್ಸನ್ ತಂಡ 120 ಹಿರಿಯರ ಮೇಲೆ ಮಾಡಿದ ಅಧ್ಯಯನದಲ್ಲಿ, ಒಂದು ವರ್ಷ ನಿಯಮಿತವಾಗಿ ಬಿರುಸಾಗಿ ನಡೆದವರ ಹಿಪೊಕ್ಯಾಂಪಸ್ ಸುಮಾರು ಶೇ 2 ಬೆಳೆಯಿತು. ಬರೀ ಮೈ ಹಿಗ್ಗಿಸುವ ವ್ಯಾಯಾಮ ಮಾಡಿದವರಲ್ಲಿ ಅದು ಸ್ವಲ್ಪ ಕುಗ್ಗಿತು. ಆಮೇಲಿನ ಅಧ್ಯಯನಗಳ ಫಲಿತಾಂಶ ಇಷ್ಟು ಸ್ಪಷ್ಟವಾಗಿಲ್ಲ. ಆದರೂ ನಡಿಗೆಯ ಪರವಾಗಿ ವಾದಿಸಲು ಹಿಪೊಕ್ಯಾಂಪಸ್ ಒಂದೇ ಬೇಕಾಗಿಲ್ಲ. ಹೃದಯ, ರಕ್ತನಾಳ, ನಿದ್ದೆ, ಮನಸ್ಸಿನ ಹದ ಎಲ್ಲವೂ ಅದರ ಪರವಾಗಿವೆ.

ರಕ್ತನಾಳ ಅಂದಾಗ ಒಂದು ವಿಷಯ ಒತ್ತಿ ಹೇಳಬೇಕು. ಮೆದುಳಿನ ಆರೋಗ್ಯ ಅಂದರೆ ಪದಬಂಧ, ಮೆದುಳಿನ ಆಟದ ಆ್ಯಪ್, ನೆನಪಿನ ಮಾತ್ರೆ ಅಂತ ನಾವು ಯೋಚಿಸುತ್ತೇವೆ. ನೆನಪು, ಯೋಚನೆಯ ಶಕ್ತಿ ಕುಂದುತ್ತ ಹೋಗುವ ಡಿಮೆನ್ಶಿಯಾ ಬಗ್ಗೆ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ ಆಯೋಗ 2024ರಲ್ಲಿ ಕೊಟ್ಟ ವರದಿ ಬದಲಾಯಿಸಬಹುದಾದ 14 ಅಪಾಯಗಳನ್ನು ಪಟ್ಟಿ ಮಾಡಿದೆ. ಅವೆಲ್ಲವನ್ನೂ ನಿಭಾಯಿಸಿದರೆ ಜಗತ್ತಿನ ಸುಮಾರು ಶೇ 45ರಷ್ಟು ಡಿಮೆನ್ಶಿಯಾವನ್ನು ತಡೆಯಲು ಅಥವಾ ಮುಂದೂಡಲು ಸಾಧ್ಯವಿದೆ ಅನ್ನುವುದು ಅದರ ಅಂದಾಜು. ಆ ಪಟ್ಟಿಯಲ್ಲಿ ಬಿಪಿ ಇದೆ, ಶುಗರ್ ಇದೆ, ಕೆಟ್ಟ ಕೊಲೆಸ್ಟ್ರಾಲ್, ಧೂಮಪಾನ, ತಲೆಗೆ ಬೀಳುವ ಪೆಟ್ಟು, ಒಂಟಿತನ, ಕಲುಷಿತ ಗಾಳಿ ಇವೆ. ಕಿವಿ ಮಂದವಾಗುವುದೂ ಇದೆ. ಇದು ನನಗೆ ಮೊದಲು ಅಚ್ಚರಿ ತಂದಿತ್ತು. ಕೇಳಿಸದಿದ್ದರೆ ಮಾತುಕತೆ ಕಡಿಮೆಯಾಗುತ್ತದೆ. ಮೆದುಳಿಗೆ ಬರುವ ಶಬ್ದವೂ ಕಡಿಮೆಯಾಗುತ್ತದೆ. ಬಂದದ್ದನ್ನು ಅರ್ಥ ಮಾಡಿಕೊಳ್ಳಲು ಹೆಚ್ಚು ಹೆಣಗಬೇಕಾಗುತ್ತದೆ. ಮನೆಯ ಹಿರಿಯರು ಎರಡೆರಡು ಸಲ ‘ಏನಂದೆ?’ ಅಂತ ಕೇಳುವಾಗ ನಾವು ಬೇಸರಪಡುತ್ತೇವೆ. ಬೇಸರಪಡುವ ಬದಲು ಕಿವಿ ಪರೀಕ್ಷೆಗೆ ಕರೆದುಕೊಂಡು ಹೋದರೆ ಅವರ ಮೆದುಳಿಗೂ ಒಳ್ಳೆಯದಾಗಬಹುದು. 2019ರಲ್ಲಿ ಬಂದ ಸ್ಪ್ರಿಂಟ್ ಮೈಂಡ್ ಅಧ್ಯಯನವೂ ಇಲ್ಲಿ ನೆನಪಾಗುತ್ತದೆ. ಒಂಬತ್ತು ಸಾವಿರಕ್ಕೂ ಹೆಚ್ಚು ಜನರಲ್ಲಿ, ಬಿಪಿಯ ಮೇಲಿನ ಅಂಕವನ್ನು 140ಕ್ಕಿಂತ ಕೆಳಗೆ ಇಡುವ ಬದಲು 120ಕ್ಕಿಂತ ಕೆಳಗೆ ಇಡುವ ಗುರಿಯಿಟ್ಟು ಚಿಕಿತ್ಸೆ ಕೊಟ್ಟಾಗ, ಡಿಮೆನ್ಶಿಯಾಕ್ಕೆ ಮುಂಚಿನ ಸೌಮ್ಯ ಮರೆವಿನ ಅಪಾಯ ಶೇ 19ರಷ್ಟು ಇಳಿಯಿತು. ಯಾರ ಬಿಪಿ ಎಷ್ಟಿರಬೇಕು ಅನ್ನುವುದನ್ನು ಅವರವರ ಡಾಕ್ಟರೇ ಹೇಳಬೇಕು. ಆದರೆ ತೋಳಿಗೆ ಪಟ್ಟಿ ಕಟ್ಟಿ ಬಿಪಿ ನೋಡುವುದು ಕೂಡ ಮೆದುಳಿನ ತಪಾಸಣೆಯೇ.

ಇಷ್ಟೆಲ್ಲ ಹೇಳಿದ ಮೇಲೆ ಎಚ್ಚರದ ಮಾತನ್ನೂ ಹೇಳಬೇಕು. ಮೆದುಳಿನ ಬಣ್ಣಬಣ್ಣದ ಚಿತ್ರ ಹಾಕಿದರೆ ಯಾವ ಮಾತಾದರೂ ನಿಜ ಅನಿಸಿಬಿಡುತ್ತದೆ. 2009ರಲ್ಲಿ ಕ್ರೇಗ್ ಬೆನೆಟ್ ಮತ್ತು ಜೊತೆಗಾರರು ಸತ್ತ ಸಾಲ್ಮನ್ ಮೀನೊಂದನ್ನು ಸ್ಕ್ಯಾನರ್‌ನಲ್ಲಿ ಮಲಗಿಸಿ, ಅದಕ್ಕೆ ಮನುಷ್ಯರ ಚಿತ್ರಗಳನ್ನು ತೋರಿಸಿದರು. ಲೆಕ್ಕಾಚಾರದಲ್ಲಿ ಮಾಡಬೇಕಾದ ತಿದ್ದುಪಡಿ ಮಾಡದಿದ್ದರೆ ಸತ್ತ ಮೀನಿನ ಮೆದುಳಿನಲ್ಲೂ ‘ಚಟುವಟಿಕೆ’ ಕಾಣುತ್ತದೆ ಅಂತ ತೋರಿಸುವುದು ಅವರ ಉದ್ದೇಶವಾಗಿತ್ತು, ತೋರಿಸಿದರು. 2022ರಲ್ಲಿ ಇನ್ನೊಂದು ದೊಡ್ಡ ವಿಶ್ಲೇಷಣೆ, ಮೆದುಳಿನ ಸ್ಕ್ಯಾನಿಗೂ ಜನರ ಗುಣಗಳಿಗೂ ಇರುವ ನಂಟನ್ನು ನಂಬಲು ಸಾವಿರಾರು ಜನರ ಸ್ಕ್ಯಾನ್ ಬೇಕು ಅಂತ ಹೇಳಿತು. ನೂರರೊಳಗೆ ಜನರನ್ನು ಇಟ್ಟುಕೊಂಡು ಮಾಡಿದ ಎಷ್ಟೋ ಘೋಷಣೆಗಳು ಇದರಿಂದ ಅಲುಗಾಡಿದವು. ಎಂಟು ವಾರ ಧ್ಯಾನ ಮಾಡಿದರೆ ಮೆದುಳಿನ ಆಕಾರ ಬದಲಾಗುತ್ತದೆ ಅನ್ನುವುದನ್ನೂ ಅದೇ ವರ್ಷ ಬಂದ ದೊಡ್ಡ ಅಧ್ಯಯನ ಒಪ್ಪಲಿಲ್ಲ. ಧ್ಯಾನ ಮಾಡಿ ನೆಮ್ಮದಿ ಸಿಕ್ಕವರ ನೆಮ್ಮದಿ ಸುಳ್ಳು ಅಂತ ಇದರ ಅರ್ಥವಲ್ಲ. ಅವರ ನೆಮ್ಮದಿಗೆ ಸ್ಕ್ಯಾನಿನ ಸಾಕ್ಷಿ ಬೇಕಾಗಿಯೂ ಇಲ್ಲ. ಮೆದುಳಿನ ಶೇ 10 ಮಾತ್ರ ನಾವು ಬಳಸುತ್ತೇವೆ, ಎಡ ಮೆದುಳಿನವರು ಲೆಕ್ಕದಲ್ಲಿ ಜಾಣರು, ಬಲ ಮೆದುಳಿನವರು ಕಲಾವಿದರು ಅನ್ನುವ ಮಾತುಗಳನ್ನು ಮಕ್ಕಳಿಗೆ ಹೇಳುವುದನ್ನು ನಾವು ನಿಲ್ಲಿಸಬೇಕು. ಅದರಿಂದ ಮಕ್ಕಳಿಗೆ ಇನ್ನೊಂದು ಹೆಸರು ಅಂಟಿಸಿದಂತೆ ಆಗುತ್ತದೆ ಅಷ್ಟೇ.

ಎಲ್ಲವೂ ಮೆದುಳು, ನಮ್ಮ ಕೈಯಲ್ಲಿ ಏನೂ ಇಲ್ಲ ಅಂತ ನಾನು ಹೇಳುತ್ತಿಲ್ಲ. ರೇಗಿ ಯಾರನ್ನಾದರೂ ನೋಯಿಸಿದರೆ ಕ್ಷಮೆ ಕೇಳಬೇಕಾದವರು ನಾವೇ, ನಮ್ಮ ಅಮಿಗ್ಡಲ ಅಲ್ಲ. ಆದರೆ ಕ್ಷಮೆ ಕೇಳಿದ ಮೇಲೆ ಮುಂದಿನ ಸಲ ಹಾಗಾಗದಿರಲು ಏನು ಮಾಡಬೇಕು ಅನ್ನುವ ಪ್ರಶ್ನೆ ಉಳಿಯುತ್ತದೆ. ಅಲ್ಲಿ ಬೈಗುಳ ಕೆಲಸಕ್ಕೆ ಬರುವುದಿಲ್ಲ. ಹಾಗೆಯೇ ವಾರಗಟ್ಟಲೆ ಮನಸ್ಸು ಕುಗ್ಗಿದ್ದರೆ, ಏನೂ ಬೇಡ ಅನಿಸುತ್ತಿದ್ದರೆ, ಬೆಳಗಿನ ಬೆಳಕು, ನಡಿಗೆ ಅಂತ ನಮ್ಮ ಪಾಡಿಗೆ ನಾವೇ ಹೆಣಗುವುದು ಬೇಡ. ಖಿನ್ನತೆಗೆ ಚಿಕಿತ್ಸೆ ಇದೆ, ಡಾಕ್ಟರ ಬಳಿ ಹೋಗಬೇಕು.

ಈ ನೋಟ ಬದಲಾದರೆ ಎಷ್ಟು ಜನರಿಗೆ ಒಮ್ಮೆಲೇ ಉಪಕಾರವಾಗುತ್ತದೆ ಅನ್ನುವುದಕ್ಕೆ ಹದಿಹರೆಯದ ಮಕ್ಕಳ ನಿದ್ದೆ ಒಳ್ಳೆಯ ಉದಾಹರಣೆ. ಆ ವಯಸ್ಸಿನಲ್ಲಿ ದೇಹದ ಗಡಿಯಾರವೇ ತಡವಾಗುತ್ತದೆ. ರಾತ್ರಿಯ ಸೂಚನೆ ಕೊಡುವ ಮೆಲಟೋನಿನ್ ಅವರಲ್ಲಿ ತಡವಾಗಿ ಏರುತ್ತದೆ. ಮೇರಿ ಕಾರ್ಸ್ಕಡನ್ ಮತ್ತಿತರರು ದಶಕಗಳಿಂದ ಇದನ್ನು ತೋರಿಸುತ್ತ ಬಂದಿದ್ದಾರೆ. ರಾತ್ರಿ 11ರವರೆಗೆ ನಿದ್ದೆ ಬಾರದ, ಬೆಳಗ್ಗೆ 6ಕ್ಕೆ ಏಳಲಾಗದ ಮಗುವನ್ನು ನಾವು ಸೋಮಾರಿ ಅನ್ನುತ್ತೇವೆ. 2014ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ, ಈ ವಯಸ್ಸಿನವರ ಶಾಲೆ ಬೆಳಗ್ಗೆ 8:30ಕ್ಕಿಂತ ಮುಂಚೆ ಶುರುವಾಗಬಾರದು ಅಂತ ಶಿಫಾರಸು ಮಾಡಿತು. 2016ರಲ್ಲಿ ಸಿಯಾಟಲ್ ನಗರದ ಹೈಸ್ಕೂಲುಗಳು ತಮ್ಮ ಹೊತ್ತನ್ನು 7:50ರಿಂದ 8:45ಕ್ಕೆ ಬದಲಾಯಿಸಿದವು. ಶಾಲೆ ತಡವಾದರೆ ಮಕ್ಕಳು ರಾತ್ರಿ ಇನ್ನೂ ತಡವಾಗಿ ಮಲಗುತ್ತಾರೆ, ಅಷ್ಟೇ ಆಗುವುದು ಅನ್ನುವುದು ಇಂಥ ಬದಲಾವಣೆಗೆ ಸದಾ ಬರುವ ಆಕ್ಷೇಪ. ವಿಜ್ಞಾನಿಗಳು ಮಕ್ಕಳ ಕೈಗೆ ಚಲನೆ ಅಳೆಯುವ ಪಟ್ಟಿ ಕಟ್ಟಿ, ಬದಲಾವಣೆಗೆ ಮುಂಚಿನ ಮತ್ತು ನಂತರದ ನಿದ್ದೆಯನ್ನು ಹೋಲಿಸಿದರು. ಮಲಗುವ ಹೊತ್ತು ಹೆಚ್ಚುಕಡಿಮೆ ಮೊದಲಿನಂತೆಯೇ ಇತ್ತು. ಏಳುವ ಹೊತ್ತು ಮಾತ್ರ ಮುಂದೆ ಹೋಗಿತ್ತು. ಶಾಲೆಯ ದಿನಗಳಲ್ಲಿ ಅದೇ ವಯಸ್ಸಿನ ಮಕ್ಕಳು ಈಗ ರಾತ್ರಿಗೆ 34 ನಿಮಿಷ ಹೆಚ್ಚು ಮಲಗುತ್ತಿದ್ದರು.